ಫೆಡರೇಷನ್ ಕಪ್ 1977: ಮೊದಲ ಕಪ್ ಎತ್ತಿದ್ದು ಬೆಂಗಳೂರಿನ ಫೋನ್ ಕಾರ್ಖಾನೆ ತಂಡ, ಕೊನೆಯ ಕಪ್ಪೂ ಬೆಂಗಳೂರಿಗೇ

ಬಟವಾಡಿ (ತುಮಕೂರು): ಫುಟ್‌ಬಾಲ್ ಅಂದ್ರೆ ಕೋಲ್ಕತ್ತಾ, ಗೋವಾ, ಕೇರಳ. ನಮ್ಮ ಕಡೆ ಏನಿದ್ರೂ ಕ್ರಿಕೆಟ್, ಕಬಡ್ಡಿ. ಬಟವಾಡಿಯಲ್ಲಿ ಯಾವ ಟೀ ಅಂಗಡಿ ಮುಂದೆ ಮಾತು ತೆಗೆದರೂ ಸಿಗೋ ಉತ್ತರ ಇದೇ. ಆದರೆ ದೇಶದ ಕ್ಲಬ್‌ಗಳಿಗೆ ಅಂತ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮೊದಲ ಸಲ ಒಂದು ಕಪ್ ಇಟ್ಟಾಗ ಅದನ್ನ ಗೆದ್ದು ತಂದದ್ದು ಕೋಲ್ಕತ್ತಾದವರೂ ಅಲ್ಲ, ಗೋವಾದವರೂ ಅಲ್ಲ. ಬೆಂಗಳೂರಿನ ಐಟಿಐ ತಂಡ. ವರ್ಷ 1977.

ಇಲ್ಲಿ ಐಟಿಐ ಅಂದರೆ ಎಸ್ಸೆಸ್ಸೆಲ್ಸಿ ಆದಮೇಲೆ ಹುಡುಗರು ಫಿಟ್ಟರ್, ಎಲೆಕ್ಟ್ರಿಷಿಯನ್ ಕಲಿಯೋಕೆ ಸೇರೋ ಐಟಿಐ ಅಲ್ಲ. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ಕೆ.ಆರ್.ಪುರಂ ಹತ್ತಿರ ದೂರವಾಣಿನಗರದಲ್ಲಿ ಇರೋ ಟೆಲಿಫೋನ್ ಕಾರ್ಖಾನೆ. ಅಂಗಡಿ ಗಲ್ಲಾದ ಪಕ್ಕ ಬೀಗ ಹಾಕಿ ಇಡ್ತಿದ್ದ, ಬೆರಳು ಹಾಕಿ ತಿರುಗಿಸೋ ಕರೀ ಫೋನ್ ಹಳೇ ವ್ಯಾಪಾರಸ್ಥರಿಗೆ ನೆನಪಿರುತ್ತೆ. ಅದರ ಮೇಲೆ ಇರ್ತಿದ್ದ ಹೆಸರು ಇದೇ ಐಟಿಐ. ಆ ಫೋನ್ ಮಾಡಿದ ಕಾರ್ಖಾನೆಯ ನೌಕರರೇ ಈ ಕಪ್ ಗೆದ್ದವರು.

ಒಂದೇ ನೋಟಕ್ಕೆ

ಟೂರ್ನಿ: ಫೆಡರೇಷನ್ ಕಪ್, ಮೊದಲ ಆವೃತ್ತಿ
ವರ್ಷ: 1977
ನಡೆದ ಊರು: ಎರ್ನಾಕುಲಂ, ಕೇರಳ
ಫೈನಲ್: ಐಟಿಐ 1, ಮೋಹನ್ ಬಗಾನ್ 0
ಇದಾದ ಮೇಲೆ ಕರ್ನಾಟಕಕ್ಕೆ ಈ ಕಪ್ ಮತ್ತೆ ಸಿಕ್ಕಿದ್ದು: 2015ರ ಜನವರಿಯಲ್ಲಿ

ಈ ಕಪ್ ಯಾಕೆ ಬಂತು

1977ಕ್ಕಿಂತ ಮುಂಚೆ ದೇಶದಲ್ಲಿ ದೊಡ್ಡ ಟೂರ್ನಿಗಳು ಇರಲಿಲ್ಲ ಅಂತಲ್ಲ. ಬೇಕಾದಷ್ಟಿದ್ದವು. ಡುರಾಂಡ್ ಕಪ್ 1888ರಲ್ಲೇ ಶಿಮ್ಲಾದಲ್ಲಿ ಶುರುವಾಗಿತ್ತು. ಮುಂಬೈನಲ್ಲಿ ರೋವರ್ಸ್ ಕಪ್, ಕೋಲ್ಕತ್ತಾದಲ್ಲಿ ಐಎಫ್‌ಎ ಶೀಲ್ಡ್ ಇದ್ದವು. ಎಲ್ಲವೂ ಬ್ರಿಟಿಷರ ಕಾಲದ ಟೂರ್ನಿಗಳು. ಆದರೆ ಒಂದೊಂದನ್ನೂ ನಡೆಸ್ತಿದ್ದದ್ದು ಒಂದೊಂದು ಊರಿನ ಸಂಸ್ಥೆ. ಕರೆದವರು ಹೋಗಿ ಆಡಬೇಕು, ಕರೆಯದಿದ್ದರೆ ಇಲ್ಲ. ಮದುವೆ ಮನೆ ಊಟದ ಹಾಗೆ.

ಇನ್ನು ಸಂತೋಷ್ ಟ್ರೋಫಿ ಇತ್ತು, 1941ರಿಂದ. ಅದು ರಾಜ್ಯ ತಂಡಗಳದ್ದು, ಕ್ಲಬ್‌ಗಳಿಗೆ ಅಲ್ಲ. ಇವೆರಡನ್ನೂ ಬೆರೆಸಿ ಹೇಳೋರು ಬಹಳ ಜನ, ಅದಕ್ಕೇ ಇಲ್ಲಿ ಬಿಡಿಸಿ ಹೇಳಬೇಕಾಯ್ತು. ದೇಶದ ಕ್ಲಬ್‌ಗಳಲ್ಲಿ ಯಾರು ಮೇಲು ಅಂತ ತೀರ್ಮಾನ ಮಾಡೋಕೆ ಫೆಡರೇಷನ್ ತಾನೇ ಒಂದು ಟೂರ್ನಿ ನಡೆಸಬೇಕು ಅನ್ನೋ ಯೋಚನೆಯಿಂದ ಬಂದದ್ದು ಫೆಡರೇಷನ್ ಕಪ್. 1996ರಲ್ಲಿ ರಾಷ್ಟ್ರೀಯ ಲೀಗ್ ಶುರುವಾಗೋ ತನಕ ಫೆಡರೇಷನ್ ನಡೆಸ್ತಿದ್ದ ದೊಡ್ಡ ಕ್ಲಬ್ ಟೂರ್ನಿ ಅಂದರೆ ಇದೇ. ಆಟದ ಮಾದರಿ ವರ್ಷದಿಂದ ವರ್ಷಕ್ಕೆ ಬದಲಾಗ್ತಿತ್ತು, ಗುಂಪಿನ ಪಂದ್ಯಗಳೂ ಇರ್ತಿದ್ದವು. ಕೊನೆಗೆ ಮಾತ್ರ ನಾಕೌಟ್. ಸೋತವನು ಗಂಟುಮೂಟೆ ಕಟ್ಟಬೇಕು.

ಎದುರಿಗೆ ಇದ್ದದ್ದು ಎಂಥ ತಂಡ

ಐಟಿಐ ಗೆದ್ದದ್ದು ಒಂದೇ ಗೋಲಿನಿಂದ. ಬರೀ ಸ್ಕೋರ್ ನೋಡಿದ್ರೆ ಇದರಲ್ಲೇನು ದೊಡ್ಡದು ಅನ್ನಿಸಬಹುದು. ಆ ವರ್ಷ ಮೋಹನ್ ಬಗಾನ್ ಬೇರೆ ಕಡೆ ಏನು ಮಾಡಿತು ಅಂತ ನೋಡಬೇಕು.

ಮೋಹನ್ ಬಗಾನ್ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು 1911ರಲ್ಲಿ, ಬರಿಗಾಲಲ್ಲಿ ಆಡಿ ಬ್ರಿಟಿಷ್ ರೆಜಿಮೆಂಟ್ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಾಗ. 1977ರಲ್ಲಿ ಆ ತಂಡದ ಕೋಚ್ ಪಿ.ಕೆ. ಬ್ಯಾನರ್ಜಿ. ಆಟಗಾರರಲ್ಲಿ ಮೊಹಮ್ಮದ್ ಹಬೀಬ್, ಶ್ಯಾಮ್ ಥಾಪಾ, ಸುಬ್ರತೊ ಭಟ್ಟಾಚಾರ್ಯ ಅಂಥವರು. ಅದೇ ವರ್ಷ ಐಎಫ್‌ಎ ಶೀಲ್ಡ್, ಡುರಾಂಡ್ ಕಪ್, ರೋವರ್ಸ್ ಕಪ್ ಮೂರನ್ನೂ ಮೋಹನ್ ಬಗಾನ್ ಗೆದ್ದಿತು. ಒಂದೇ ವರ್ಷದಲ್ಲಿ ಮೂರೂ ಗೆದ್ದ ಕ್ಲಬ್ ಅದಕ್ಕೆ ಮುಂಚೆ ಇರಲಿಲ್ಲ.

ಅಷ್ಟೇ ಅಲ್ಲ. 1977ರ ಸೆಪ್ಟೆಂಬರ್ 24ರಂದು ಪೆಲೆ ಕೋಲ್ಕತ್ತಾಕ್ಕೆ ಬಂದರು. ಬ್ರೆಜಿಲ್‌ನ ಅದೇ ಪೆಲೆ. ಅಮೆರಿಕದ ನ್ಯೂಯಾರ್ಕ್ ಕಾಸ್ಮಾಸ್ ತಂಡದ ಜೊತೆ ಈಡನ್ ಗಾರ್ಡನ್ಸ್‌ನಲ್ಲಿ ಆಡಿದರು. ಎದುರಾಳಿ ಮೋಹನ್ ಬಗಾನ್. ಪಂದ್ಯ 2–2 ಡ್ರಾ. ಬಗಾನ್ ಪರ ಗೋಲು ಹೊಡೆದದ್ದು ಶ್ಯಾಮ್ ಥಾಪಾ ಮತ್ತು ಹಬೀಬ್. ಆ ಪಂದ್ಯದ ಬಗ್ಗೆ ಬಂಗಾಳದಲ್ಲಿ ಇವತ್ತಿಗೂ ಬರೀತಾರೆ, ಮಾತಾಡ್ತಾರೆ.

ಪೆಲೆ ತಂಡಕ್ಕೂ ಸೋಲದ ಆ ತಂಡವನ್ನ ಅದೇ ವರ್ಷ ಫೈನಲ್‌ನಲ್ಲಿ ಸೋಲಿಸಿದ್ದು ದೂರವಾಣಿನಗರದ ಕಾರ್ಖಾನೆ ನೌಕರರು. ಅದರ ಬಗ್ಗೆ ನಮ್ಮ ಕಡೆ ಎಷ್ಟು ಜನ ಮಾತಾಡ್ತಾರೆ? ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದೇ 1981ರಲ್ಲಿ. 1977ರ ಆಟ ಟಿವಿಯಲ್ಲಿ ನೋಡಿದವರು ನಮ್ಮ ಜಿಲ್ಲೆಯಲ್ಲಿ ಇರೋಕೆ ಸಾಧ್ಯವೇ ಇಲ್ಲ. ಪೇಪರ್‌ನಲ್ಲಿ ಬಂದಷ್ಟೇ ಸುದ್ದಿ.

ಕಾರ್ಖಾನೆಗೆ ಫುಟ್‌ಬಾಲ್ ಎಲ್ಲಿಂದ ಬಂತು

ಐಟಿಐ ಶುರುವಾದದ್ದು 1948ರಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ಸ್ಥಾಪನೆಯಾದ ಮೊದಲ ಸಾರ್ವಜನಿಕ ವಲಯದ ಉದ್ಯಮ ಅಂತಲೇ ಅದಕ್ಕೆ ಹೆಸರು. ಆಮೇಲೆ ಎಚ್‌ಎಂಟಿ, ಬಿಇಎಲ್, ಬಿಇಎಂಎಲ್ ಎಲ್ಲ ಸಾಲಾಗಿ ಬಂದವು. ಎಚ್‌ಎಎಲ್ ಅದಕ್ಕೂ ಮೊದಲೇ ಇತ್ತು. ಈ ಕಾರ್ಖಾನೆಗಳಲ್ಲಿ ಕೆಲಸ, ಕ್ವಾರ್ಟರ್ಸ್, ಕ್ಯಾಂಟೀನ್ ಇದ್ದ ಹಾಗೆ ಆಟದ ತಂಡಗಳೂ ಇದ್ದವು.

ಆಟಗಾರರು ಸಿಗ್ತಿದ್ದದ್ದು ಬೆಂಗಳೂರು ದಂಡು ಪ್ರದೇಶದಿಂದ. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ ಕಡೆಯ ಹುಡುಗರು. ಬ್ರಿಟಿಷ್ ಸೈನಿಕರು ಆಡಿದ್ದನ್ನ ನೋಡಿ ಕಲಿತ ಆಟ ಅಲ್ಲಿ ಮನೆಮನೆಗೆ ಇಳಿದಿತ್ತು. 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ಅನ್ನೋ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂದಿತ್ತು. ಮುಂದಿನ ವರ್ಷ ಮತ್ತೆ ಗೆದ್ದಿತು. ಗೌತಮಪುರದಲ್ಲಿ ಇವತ್ತಿಗೂ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಗೆ ಪೆಲೆಯ ಪ್ರತಿಮೆ ಇದೆ. ನಂಬದವರು ಹಲಸೂರಿಗೆ ಹೋದಾಗ ನೋಡಿ ಬರಬಹುದು.

ಆ ಬಡಾವಣೆಗಳ ಬಹುಪಾಲು ಕೂಲಿ ಮಾಡೋರ ಮನೆಗಳು. ಚೆನ್ನಾಗಿ ಆಡೋ ಹುಡುಗನಿಗೆ ಕಾರ್ಖಾನೆ ಕೆಲಸ ಅಂದರೆ ಇಡೀ ಮನೆಗೇ ಒಂದು ದಾರಿ. ವ್ಯವಸ್ಥೆ ಸರಳ. ಕ್ರೀಡಾ ಕೋಟಾದಲ್ಲಿ ಸೇರಿಸಿಕೊಳ್ಳೋದು. ಹಾಜರಿ ಹಾಕಿ ಅರ್ಧ ದಿನ ಕೆಲಸ, ಉಳಿದ ಹೊತ್ತು ಪ್ರಾಕ್ಟೀಸು. ಟೂರ್ನಿಗೆ ಹೋದರೆ ಸಂಬಳದ ರಜೆ. ಮಂಡಿ ನೋವು ಬಂದು ಆಟ ನಿಂತರೂ ಕೆಲಸ ನಿಲ್ಲೋದಿಲ್ಲ. ಮೂವತ್ತು ದಾಟಿದ ಮೇಲೆ ಬೂಟು ಬಿಚ್ಚಿಟ್ಟು ಪೂರ್ತಿ ದಿನದ ಕೆಲಸಕ್ಕೆ ಕೂತರೆ ರಿಟೈರ್ ಆಗೋ ತನಕ ಸಂಬಳ, ಆಮೇಲೆ ಪಿಎಫ್, ಗ್ರಾಚ್ಯುಟಿ.

"ಬಾಲ್ ಒದ್ದರೆ ಹೊಟ್ಟೆ ತುಂಬುತ್ತಾ" ಅಂತ ಎಲ್ಲಾ ಅಪ್ಪ ಅಮ್ಮಂದಿರು ಮಕ್ಕಳನ್ನ ಬಯ್ಯೋದು ಇದ್ದೇ ಇದೆ. ಆ ಕಾಲದ ಬೆಂಗಳೂರಿನಲ್ಲಿ ಅದಕ್ಕೆ ಉತ್ತರ "ತುಂಬುತ್ತೆ" ಅಂತ. ಐಟಿಐ ಕಪ್ ಗೆದ್ದದ್ದು ಅದೃಷ್ಟದಿಂದ ಅನ್ನೋರು ಇದನ್ನ ಲೆಕ್ಕಕ್ಕೆ ತಗೊಳ್ಳಬೇಕು. ಹೊಟ್ಟೆ ಚಿಂತೆ ಇಲ್ಲದ ಹನ್ನೊಂದು ಜನ ವರ್ಷಗಟ್ಟಲೆ ಒಂದೇ ಮೈದಾನದಲ್ಲಿ ಒಟ್ಟಿಗೆ ಆಡಿದ್ರೆ ಯಾವ ದೊಡ್ಡ ತಂಡಕ್ಕಾದರೂ ಕಷ್ಟವೇ.

ತುಮಕೂರಿನವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯ ಅಲ್ಲ. ಐಟಿಐ ಕಪ್ ಗೆದ್ದ ಮರುವರ್ಷ, 1978ರಲ್ಲಿ, ಎಚ್‌ಎಂಟಿ ವಾಚ್ ಕಾರ್ಖಾನೆ ತುಮಕೂರಿಗೆ ಬಂತು. ಎಚ್‌ಎಂಟಿಯಲ್ಲಿ ಕೆಲಸ ಅಂದರೆ ಹೆಣ್ಣು ಕೊಡೋಕೆ ಮುಂದೆ ಬರ್ತಿದ್ದ ಕಾಲ ಅದು. ಬಟವಾಡಿ, ಕ್ಯಾತ್ಸಂದ್ರ ಕಡೆ ಅಂಗಡಿ ಇಟ್ಟವರಿಗೆ ಕಾರ್ಖಾನೆ ಸಂಬಳದ ದಿನ ಅಂದರೆ ಏನು ಅಂತ ಗೊತ್ತು.

ನಡುವಿನ 40 ವರ್ಷ

1977ರ ನಂತರ ಕಪ್ ಕರ್ನಾಟಕದ ಕಡೆ ಮುಖ ಹಾಕಲಿಲ್ಲ. 1978ರಲ್ಲಿ ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಜಂಟಿ ವಿಜೇತರು. 1979ರಲ್ಲಿ ಗಡಿ ಭದ್ರತಾ ಪಡೆಯ ತಂಡ. ಆಮೇಲೆ ಹೆಚ್ಚಾಗಿ ಕೋಲ್ಕತ್ತಾ, ಗೋವಾದ ಸಾಲ್ಗಾಂವ್ಕರ್, ಡೆಂಪೊ, ಪಂಜಾಬಿನ ಜೆಸಿಟಿ, ಮುಂಬೈನ ಮಹೀಂದ್ರಾ. 1990 ಮತ್ತು 91ರಲ್ಲಿ ಕೇರಳ ಪೊಲೀಸ್ ತಂಡ ಸತತ ಎರಡು ಸಲ ಗೆದ್ದಿತು. ಅದೂ ನೌಕರಿ ಮಾಡ್ತಾ ಆಡೋರ ತಂಡವೇ. ಒಟ್ಟಾರೆ ಅತಿ ಹೆಚ್ಚು ಸಲ ಗೆದ್ದದ್ದು, ಮೊದಲ ಫೈನಲ್ ಸೋತ ಅದೇ ಮೋಹನ್ ಬಗಾನ್: 14 ಸಲ. ಈಸ್ಟ್ ಬೆಂಗಾಲ್ 8.

ಐಟಿಐ ರಾಷ್ಟ್ರೀಯ ಲೀಗ್‌ನಲ್ಲೂ ಕೆಲವು ಸೀಸನ್ ಆಡಿತು. ಆದರೆ ಅಷ್ಟರಲ್ಲಿ ಕಾರ್ಖಾನೆಯ ಕಾಲವೇ ಬದಲಾಗಿತ್ತು. 1991ರ ಆರ್ಥಿಕ ನೀತಿ ಬಂದ ಮೇಲೆ ಟೆಲಿಫೋನ್ ಉಪಕರಣಕ್ಕೆ ಸರ್ಕಾರಿ ಕಾರ್ಖಾನೆಯೇ ಬೇಕು ಅನ್ನೋದು ಹೋಯ್ತು. ಮೊಬೈಲ್ ಬಂತು. ಕರೀ ಫೋನ್ ಗುಜರಿ ಅಂಗಡಿ ಸೇರಿತು. ಹೊಸಬರನ್ನ ಸೇರಿಸಿಕೊಳ್ಳೋದೇ ಕಡಿಮೆ ಆದ ಮೇಲೆ ಕ್ರೀಡಾ ಕೋಟಾ ಎಲ್ಲಿಂದ ಬರಬೇಕು? ಎಚ್‌ಎಎಲ್ ತಂಡ 2010–11 ಮತ್ತು 2011–12ರಲ್ಲಿ ಐ-ಲೀಗ್‌ವರೆಗೂ ಹೋಗಿ ಆಡಿತು, ಆಮೇಲೆ ಕೆಳಗಿಳಿಯಿತು. ಕಾರ್ಖಾನೆ ತಂಡಗಳ ಕಥೆ ದೇಶದ ದೊಡ್ಡ ಲೀಗಿನಲ್ಲಿ ಅಲ್ಲಿಗೆ ಮುಗಿಯಿತು.

ತುಮಕೂರಿನ ಎಚ್‌ಎಂಟಿಗೂ ಬೇರೆ ಗತಿ ಆಗಲಿಲ್ಲ. ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚೋಕೆ ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಆ ಜಾಗ ಈಗ ಇಸ್ರೋ ಕೈಯಲ್ಲಿದೆ.

ಹೊಸ ತಂಡ, ಹಳೇ ಎದುರಾಳಿ

2013ರಲ್ಲಿ ಜೆಎಸ್‌ಡಬ್ಲ್ಯು ಕಂಪನಿ ಬೆಂಗಳೂರು ಎಫ್‌ಸಿ ಕಟ್ಟಿತು. ಬಳ್ಳಾರಿ ಕಡೆ ಉಕ್ಕಿನ ಕಾರ್ಖಾನೆ ಇರೋ ಅದೇ ಜೆಎಸ್‌ಡಬ್ಲ್ಯು. ಇದೂ ಒಂದು ರೀತಿ ಕಾರ್ಖಾನೆ ದುಡ್ಡೇ, ಆದರೆ ಆಟಗಾರರು ಕಾರ್ಖಾನೆ ನೌಕರರಲ್ಲ. ಕಾಂಟ್ರಾಕ್ಟ್ ಮೇಲೆ ಬರ್ತಾರೆ, ಆಡ್ತಾರೆ, ಹೋಗ್ತಾರೆ. ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದರು. 2015ರ ಜನವರಿ 11ರಂದು ಗೋವಾದಲ್ಲಿ ಡೆಂಪೊ ತಂಡವನ್ನ 2–1ರಿಂದ ಸೋಲಿಸಿ ಫೆಡರೇಷನ್ ಕಪ್ ಕರ್ನಾಟಕಕ್ಕೆ ತಂದರು. 1977 ಆದಮೇಲೆ ಅದೇ ಮೊದಲು.

ಇನ್ನೊಂದು ಸಲ ಗೆದ್ದದ್ದು 2017ರಲ್ಲಿ. ಐಟಿಐ ಗೆಲುವಿಗೆ ಸರಿಯಾಗಿ 40 ವರ್ಷ. ಟೂರ್ನಿ ನಡೆದದ್ದು ಒಡಿಶಾದ ಕಟಕ್‌ನಲ್ಲಿ, ಕ್ರಿಕೆಟ್ ನೋಡೋರಿಗೆಲ್ಲ ಗೊತ್ತಿರೋ ಬಾರಾಬತಿ ಕ್ರೀಡಾಂಗಣದಲ್ಲಿ. 8 ತಂಡ, ಎರಡು ಗುಂಪು. ಬೆಂಗಳೂರು ಮತ್ತು ಮೋಹನ್ ಬಗಾನ್ ಒಂದೇ ಗುಂಪಿನಲ್ಲಿದ್ದವು, ಎರಡೂ ಸೆಮಿಫೈನಲ್‌ಗೆ ಬಂದವು. ಬಗಾನ್ ತನ್ನ ಊರಿನವರೇ ಆದ ಈಸ್ಟ್ ಬೆಂಗಾಲ್ ತಂಡವನ್ನ ಸೋಲಿಸಿತು. ಬೆಂಗಳೂರಿಗೆ ಸಿಕ್ಕದ್ದು ಮಿಜೋರಾಂನ ಐಜ್ವಾಲ್ ಎಫ್‌ಸಿ.

ಈ ಐಜ್ವಾಲ್ ಬಗ್ಗೆ ಎರಡು ಮಾತು ಹೇಳಲೇಬೇಕು. ಆ ವರ್ಷದ ಐ-ಲೀಗ್ ಚಾಂಪಿಯನ್ ಅವರೇ. ದೊಡ್ಡ ಬಂಡವಾಳದ ಕ್ಲಬ್‌ಗಳನ್ನೆಲ್ಲ ಹಿಂದೆ ಹಾಕಿ ಗೆದ್ದಿದ್ದರು. 2011ರ ಜನಗಣತಿ ಪ್ರಕಾರ ಐಜ್ವಾಲ್ ಊರಿನ ಜನಸಂಖ್ಯೆ ಸುಮಾರು 3 ಲಕ್ಷ. ತುಮಕೂರು ನಗರದ್ದೂ ಸುಮಾರು 3 ಲಕ್ಷ. ನಮ್ಮಷ್ಟೇ ಊರು, ಅದೂ ಗುಡ್ಡದ ಮೇಲೆ, ಸಮತಟ್ಟಾದ ಜಾಗ ಸಿಗೋದೇ ಕಷ್ಟ. ಇಲ್ಲಿ ಅಮಾನಿಕೆರೆ ಪಕ್ಕ, ಕಾಲೇಜು ಮೈದಾನಗಳಲ್ಲಿ ಸಂಜೆ ಬಾಲ್ ಹಿಡಿದು ಬರೋ ಹುಡುಗರನ್ನ ನೋಡಿ ನಗೋ ಮುಂಚೆ ಇದನ್ನ ನೆನಪಿಟ್ಟುಕೊಳ್ಳಬಹುದು.

ಆ ಐಜ್ವಾಲ್ ತಂಡವನ್ನ ಬೆಂಗಳೂರು 1–0ರಿಂದ ದಾಟಿತು. ಫೈನಲ್ ಮೇ 21. ಮೋಹನ್ ಬಗಾನ್‌ನಲ್ಲಿ ಹೈಟಿ ದೇಶದ ಸೋನಿ ನೋರ್ಡೆ, ಜಪಾನಿನ ಕಟ್ಸುಮಿ ಯೂಸಾ, ಮಿಜೋರಾಂನ ಜೇಜೆ ಇದ್ದರು. ಲೀಗ್‌ನಲ್ಲಿ ಬಗಾನ್ ಎರಡನೇ ಸ್ಥಾನ, ಬೆಂಗಳೂರು ನಾಲ್ಕನೇ ಸ್ಥಾನ. ಹಾಗಾಗಿ ಮುಂದಿನ ವರ್ಷ ಏಷ್ಯಾ ಮಟ್ಟದ ಎಎಫ್‌ಸಿ ಕಪ್ ಆಡಬೇಕಾದರೆ ಬೆಂಗಳೂರಿಗೆ ಉಳಿದದ್ದು ಇದೊಂದೇ ದಾರಿ. ಸೋತರೆ ಇಡೀ ಸೀಸನ್ ಖಾಲಿ ಕೈ.

90 ನಿಮಿಷ ಆದರೂ ಗೋಲಿಲ್ಲ. ಹೆಚ್ಚುವರಿ ಸಮಯಕ್ಕೆ ಹೋಯ್ತು. 107ನೇ ನಿಮಿಷದಲ್ಲಿ ಸಿ.ಕೆ. ವಿನೀತ್ ಒಂದು ಗೋಲು. 119ನೇ ನಿಮಿಷದಲ್ಲಿ ಅವರದ್ದೇ ಇನ್ನೊಂದು. ಬೆಂಗಳೂರು 2, ಮೋಹನ್ ಬಗಾನ್ 0.

ಎರಡು ಗೋಲು ಹೊಡೆದವರ ಕೆಲಸ

ವಿನೀತ್ ಕೇರಳದ ಕಣ್ಣೂರಿನವರು. ಕ್ರೀಡಾ ಕೋಟಾದಲ್ಲಿ ತಿರುವನಂತಪುರದ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಕ್ಲಬ್‌ಗೂ ಆಡಬೇಕು, ದೇಶಕ್ಕೂ ಆಡಬೇಕು, ಕಚೇರಿಗೂ ಹೋಗಬೇಕು. ಹಾಜರಾತಿ ಸಾಲಲಿಲ್ಲ. ಅದೇ 2017ರ ಮೇ ತಿಂಗಳಲ್ಲಿ, ಹಾಜರಾತಿ ಕೊರತೆ ಕಾರಣಕ್ಕೆ ಅವರನ್ನ ಕೆಲಸದಿಂದ ತೆಗೆದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆಟ ಆಡ್ತಾನೆ ಅಂತ ಕೊಟ್ಟ ಕೆಲಸ, ಆಟ ಆಡಿದ ಅಂತ ಹೋಯ್ತು.

ಕಚೇರಿಯವರ ಕಡೆಯಿಂದ ನೋಡಿದರೆ ನಿಯಮ ನಿಯಮವೇ. ಪ್ರೊಬೇಷನ್ ಅವಧಿ ಮುಗಿಸೋಕೆ ಇಷ್ಟು ದಿನ ಹಾಜರಿ ಬೇಕು ಅಂದರೆ ಬೇಕು. ಆದರೆ ಆ ನಿಯಮ ಬರೆದ ಕಾಲದ ಆಟಗಾರ ಬೇರೆ. ಅವನು ತಾನು ಕೆಲಸ ಮಾಡೋ ಸಂಸ್ಥೆಗೇ ಆಡ್ತಿದ್ದ. ಐಟಿಐ ನೌಕರ ಐಟಿಐ ತಂಡಕ್ಕೆ ಆಡಿದರೆ ಅದೂ ಡ್ಯೂಟಿಯೇ. ಈಗ ಆಟಗಾರ ಆಡೋದು ಖಾಸಗಿ ಕ್ಲಬ್‌ಗೆ, ಕೆಲಸ ಇನ್ನೆಲ್ಲೋ. ಎರಡು ದೋಣಿ ಮೇಲೆ ಕಾಲು. ಹಾಗಂತ ಕೆಲಸ ಬೇಡ ಅನ್ನೋಕೂ ಆಗಲ್ಲ. ಕ್ಲಬ್ ಕಾಂಟ್ರಾಕ್ಟ್ ಒಂದೆರಡು ವರ್ಷದ್ದು, ಮಂಡಿ ಹೋದರೆ ಅದೂ ಇಲ್ಲ. ದೊಡ್ಡ ಹೆಸರಿನ ಹತ್ತಿಪ್ಪತ್ತು ಜನರಿಗೆ ಒಳ್ಳೇ ದುಡ್ಡು ಸಿಗುತ್ತೆ ನಿಜ. ಉಳಿದವರ ಮನೆಯಲ್ಲಿ ಆ ಹಳೇ ಪ್ರಶ್ನೆ ಮತ್ತೆ ಎದ್ದಿದೆ: ಬಾಲ್ ಒದ್ದರೆ ಹೊಟ್ಟೆ ತುಂಬುತ್ತಾ?

ವಿನೀತ್ ವಿಷಯದಲ್ಲಿ ಆಮೇಲೆ ಕೇರಳ ಸರ್ಕಾರ ಮುಂದೆ ಬಂದು ಕೆಲಸ ಕೊಟ್ಟಿತು. ಅಷ್ಟು ಹೆಸರು ಮಾಡಿದವರಾದ್ದರಿಂದ ಸುದ್ದಿ ಆಯ್ತು. ಜಿಲ್ಲಾ ಮಟ್ಟದ ಹುಡುಗನಿಗೆ ಹೀಗಾದರೆ ಪೇಪರ್‌ನಲ್ಲಿ ಒಂದು ಕಾಲಂ ಕೂಡ ಬರಲ್ಲ.

ಈಗ ಕಪ್ ಎಲ್ಲಿದೆ

2017ರದ್ದೇ ಕೊನೆಯ ಫೆಡರೇಷನ್ ಕಪ್. ಮರುವರ್ಷದಿಂದ ಅದರ ಜಾಗಕ್ಕೆ ಸೂಪರ್ ಕಪ್ ಬಂತು. ಬೆಂಗಳೂರು ಎಫ್‌ಸಿ ಅಷ್ಟರಲ್ಲಿ ಐ-ಲೀಗ್ ಬಿಟ್ಟು ಐಎಸ್‌ಎಲ್‌ಗೆ ಹೋಗಿತ್ತು. 2018ರ ಮೊದಲ ಸೂಪರ್ ಕಪ್ಪೂ ಇವರದ್ದೇ. ಭುವನೇಶ್ವರದಲ್ಲಿ ಸೆಮಿಫೈನಲ್‌ನಲ್ಲಿ ಮತ್ತೆ ಮೋಹನ್ ಬಗಾನ್ ಸಿಕ್ಕಿತು. ಒಂದು ಗೋಲು ಹಿಂದೆ ಬಿದ್ದು, ಒಬ್ಬ ಆಟಗಾರ ರೆಡ್ ಕಾರ್ಡ್ ತಗೊಂಡು ಹತ್ತೇ ಜನ ಉಳಿದ ಮೇಲೂ 4–2ರಿಂದ ಗೆದ್ದರು. ವೆನೆಜುವೆಲಾದ ಮಿಕು ಮೂರು ಗೋಲು ಹೊಡೆದರು. ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ 4–1. 2022ರ ಸೆಪ್ಟೆಂಬರ್ 18ರಂದು ಡುರಾಂಡ್ ಕಪ್ಪೂ ಬಂತು, ಮುಂಬೈ ಸಿಟಿ ವಿರುದ್ಧ 2–1.

ರಾಜ್ಯ ತಂಡದ ಲೆಕ್ಕ ಬೇರೆ. ಸಂತೋಷ್ ಟ್ರೋಫಿಯನ್ನ ಮೈಸೂರು ರಾಜ್ಯದ ಹೆಸರಿನಲ್ಲಿ ನಾಲ್ಕು ಸಲ ಗೆದ್ದಿದ್ದರು, ಕೊನೆಯದು 1968–69ರಲ್ಲಿ. ಕರ್ನಾಟಕ ಅಂತ ಹೆಸರಾದ ಮೇಲೆ ಮೊದಲ ಸಲ ಗೆದ್ದದ್ದು 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯ ವಿರುದ್ಧ 3–2. ಅಂದರೆ 54 ವರ್ಷ ಆದಮೇಲೆ.

ಫೆಡರೇಷನ್ ಕಪ್ ವಿಜೇತರ ಪಟ್ಟಿ ಈಗ ಮುಗಿದ ಪಟ್ಟಿ. ಇನ್ನು ಹೊಸ ಹೆಸರು ಸೇರಲ್ಲ. ಮೊದಲ ಸಾಲಿನಲ್ಲಿ ಐಟಿಐ, ಕೊನೆಯ ಸಾಲಿನಲ್ಲಿ ಬೆಂಗಳೂರು ಎಫ್‌ಸಿ. ಎರಡೂ ಸಾಲಿನಲ್ಲಿ ರನ್ನರ್ ಅಪ್ ಮೋಹನ್ ಬಗಾನ್. ಬೆಂಗಳೂರು ಎಫ್‌ಸಿ ಆಟ ನೋಡಬೇಕು ಅನ್ನೋರಿಗೆ ಕಂಠೀರವ ಕ್ರೀಡಾಂಗಣ ಇಲ್ಲಿಂದ ಸುಮಾರು 70 ಕಿ.ಮೀ. ಬಟವಾಡಿಯಲ್ಲಿ ಬಸ್ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದರೆ ಅಲ್ಲಿಂದ ಹತ್ತಿರವೇ. ಪಂದ್ಯಗಳು ಹೆಚ್ಚಾಗಿ ಸಂಜೆ ಮೇಲೆ ಇರ್ತವೆ, ವಾಪಸ್ ಬರೋ ಬಸ್ ಮೊದಲೇ ವಿಚಾರಿಸಿಕೊಂಡು ಹೋಗೋದು ಒಳ್ಳೇದು.